ಅಂಗದಾನ: ಕೊಡುವ ಮುನ್ನ, ಕೇಳುವ ಮುನ್ನ

ಅಂಗದಾನದ ಪ್ರಶ್ನೆ ಒಂದು ಕುಟುಂಬದ ಮುಂದೆ ಸಾಮಾನ್ಯವಾಗಿ ಎರಡು ರೀತಿಯಲ್ಲಿ ಬರುತ್ತದೆ. ಮನೆಯಲ್ಲಿ ಒಬ್ಬರ ಎರಡೂ ಕಿಡ್ನಿಗಳು ಕೆಟ್ಟು, ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಓಡಾಡಿ ಎಲ್ಲರೂ ಸೋತಿರುವಾಗ ವೈದ್ಯರು, "ಮನೆಯವರಲ್ಲಿ ಯಾರಾದರೂ ಕಿಡ್ನಿ ಕೊಡುತ್ತೀರಾ?" ಎಂದು ಕೇಳುತ್ತಾರೆ. ಇಲ್ಲವೇ, ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾದ ಮಗ ತೀವ್ರ ನಿಗಾ ಘಟಕದಲ್ಲಿರುವಾಗ ವೈದ್ಯರು ಹೊರಗೆ ಬಂದು, "ಮಿದುಳು ನಿಷ್ಕ್ರಿಯವಾಗಿದೆ, ಅಂಗಾಂಗ ದಾನದ ಬಗ್ಗೆ ಯೋಚಿಸುತ್ತೀರಾ?" ಎಂದು ಕೇಳುತ್ತಾರೆ.

ಎರಡೂ ಸಂದರ್ಭಗಳಲ್ಲಿ ನಿಧಾನವಾಗಿ ಯೋಚಿಸುವ ಪರಿಸ್ಥಿತಿ ಇರುವುದಿಲ್ಲ. ಒಂದು ಕಡೆ ದುಃಖ, ಇನ್ನೊಂದು ಕಡೆ ಗಾಬರಿ. ಕುಟುಂಬದ ಹಿರಿಯರೊಬ್ಬರು "ಇದು ಹರಾಮ್" ಎನ್ನುತ್ತಾರೆ. ಇನ್ನೊಬ್ಬರು "ಇದಕ್ಕಿಂತ ದೊಡ್ಡ ಪುಣ್ಯವಿಲ್ಲ" ಎನ್ನುತ್ತಾರೆ. ಯಾರ ಮಾತಿಗೂ ಆಧಾರ ಕೇಳುವಷ್ಟು ಸಮಾಧಾನ ಯಾರಲ್ಲೂ ಇರುವುದಿಲ್ಲ. ಆದ್ದರಿಂದ ಈ ವಿಷಯವನ್ನು ಮನೆಮಂದಿ ಎಲ್ಲರೂ ಆರೋಗ್ಯವಾಗಿರುವಾಗಲೇ ತಿಳಿದುಕೊಳ್ಳುವುದು ಒಳ್ಳೆಯದು. ವೈದ್ಯಕೀಯವಾಗಿ ಇದು ಏನು, ಕಾನೂನು ಏನು ಹೇಳುತ್ತದೆ, ವಿದ್ವಾಂಸರು ಎಲ್ಲಿ ಒಪ್ಪಿದ್ದಾರೆ, ಎಲ್ಲಿ ಭಿನ್ನರಾಗಿದ್ದಾರೆ ಎಂಬುದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಜೀವಂತ ದಾನ, ಮರಣೋತ್ತರ ದಾನ

ಮೊದಲ ಯಶಸ್ವಿ ಕಿಡ್ನಿ ಕಸಿ ನಡೆದದ್ದು 1954ರ ಡಿಸೆಂಬರ್‌ನಲ್ಲಿ, ಅಮೆರಿಕದ ಬಾಸ್ಟನ್ ನಗರದಲ್ಲಿ. ಅವಳಿ ಸಹೋದರರಲ್ಲಿ ಒಬ್ಬರು ಇನ್ನೊಬ್ಬರಿಗೆ ತಮ್ಮ ಕಿಡ್ನಿ ಕೊಟ್ಟರು. ಕಣ್ಣಿನ ಕಾರ್ನಿಯಾ ಕಸಿ ಅದಕ್ಕೂ ಹಳೆಯದು, 1905ರಲ್ಲೇ ಯಶಸ್ವಿಯಾಗಿತ್ತು. ಇಂದು ಕಿಡ್ನಿ, ಯಕೃತ್ತು, ಹೃದಯ, ಶ್ವಾಸಕೋಶ, ಮೇದೋಜೀರಕ ಗ್ರಂಥಿ, ಸಣ್ಣ ಕರುಳು ಮುಂತಾದ ಅಂಗಗಳನ್ನೂ ಕಾರ್ನಿಯಾ, ಚರ್ಮ, ಹೃದಯದ ಕವಾಟಗಳಂತಹ ಅಂಗಾಂಶಗಳನ್ನೂ ಕಸಿ ಮಾಡಲಾಗುತ್ತದೆ.

ದಾನದಲ್ಲಿ ಎರಡು ಬಗೆಯಿದೆ. ಬದುಕಿರುವ ವ್ಯಕ್ತಿ ತನ್ನ ಎರಡು ಕಿಡ್ನಿಗಳಲ್ಲಿ ಒಂದನ್ನು ಅಥವಾ ಯಕೃತ್ತಿನ ಒಂದು ಭಾಗವನ್ನು ಕೊಡುವುದು ಜೀವಂತ ದಾನ. ಉಳಿದ ಒಂದು ಕಿಡ್ನಿಯಿಂದ ಆರೋಗ್ಯವಂತರು ಬದುಕಬಹುದು. ಯಕೃತ್ತು ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಮರಣದ ನಂತರ ಅಂಗಗಳನ್ನು ತೆಗೆಯುವುದು ಮರಣೋತ್ತರ ದಾನ. ಹೃದಯದಂತಹ ಅಂಗವನ್ನು ಈ ರೀತಿಯಲ್ಲಿ ಮಾತ್ರ ಪಡೆಯಲು ಸಾಧ್ಯ.

ನಮ್ಮ ದೇಶದಲ್ಲಿ ನಡೆಯುವ ಕಸಿಗಳಲ್ಲಿ ಬಹುಪಾಲು ಜೀವಂತ ದಾನದಿಂದಲೇ ಆಗುತ್ತವೆ. 2023ರಲ್ಲಿ ಭಾರತದಲ್ಲಿ 18,000ಕ್ಕೂ ಹೆಚ್ಚು ಅಂಗ ಕಸಿಗಳು ನಡೆದವು. ಆ ವರ್ಷ ಮರಣೋತ್ತರ ದಾನಿಗಳಿದ್ದದ್ದು 1,099 ಮಂದಿ ಮಾತ್ರ. ಸತ್ತವರಿಂದ ಸಿಗುವುದು ಕಡಿಮೆಯಾದಷ್ಟೂ ಭಾರ ಬದುಕಿರುವವರ ಮೇಲೆ ಬೀಳುತ್ತದೆ. ಯಾವ ಬದುಕಿರುವವರ ಮೇಲೆ ಬೀಳುತ್ತದೆ ಎಂಬುದೇ ಈ ವಿಷಯದ ಅತಿ ಮುಖ್ಯ ನೈತಿಕ ಪ್ರಶ್ನೆ. ಅದಕ್ಕೆ ಮುಂದೆ ಬರೋಣ.

ಮಿದುಳು ನಿಷ್ಕ್ರಿಯ ಎಂದರೆ ಕೋಮಾ ಅಲ್ಲ

ಅನೇಕರಿಗೆ ಇರುವ ದೊಡ್ಡ ಭಯ ಇದು: "ಎದೆ ಏರಿಳಿಯುತ್ತಿದೆ, ಮೈ ಬೆಚ್ಚಗಿದೆ, ಇವರು ಸತ್ತಿದ್ದಾರೆ ಎನ್ನುತ್ತಾರಲ್ಲ?" ಈ ಭಯ ಸಹಜ. ಇದಕ್ಕೆ ವಿವರಣೆ ಕೇಳುವುದು ನಿಮ್ಮ ಹಕ್ಕು.

ಕೋಮಾದಲ್ಲಿರುವ ರೋಗಿಯ ಮಿದುಳು ಪೂರ್ತಿ ಸತ್ತಿರುವುದಿಲ್ಲ. ಅವರು ಚೇತರಿಸಿಕೊಳ್ಳುವ ಸಾಧ್ಯತೆ ಇರುತ್ತದೆ. ಅಂತಹವರಿಂದ ಅಂಗ ತೆಗೆಯುವ ಮಾತೇ ಬರುವುದಿಲ್ಲ. ಮಿದುಳು ನಿಷ್ಕ್ರಿಯ ಎಂಬುದು ಬೇರೆ. ಉಸಿರಾಟವನ್ನು ನಡೆಸುವ ಮಿದುಳಿನ ಕಾಂಡ ಮತ್ತೆ ಸರಿಯಾಗದಂತೆ ಸತ್ತುಹೋಗಿರುತ್ತದೆ. ರೋಗಿ ತಾನಾಗಿ ಉಸಿರಾಡಲಾರ. ವೆಂಟಿಲೇಟರ್ ಯಂತ್ರ ಗಾಳಿ ತುಂಬುವುದರಿಂದ ಎದೆ ಏರಿಳಿಯುತ್ತದೆ. ಹೃದಯಕ್ಕೆ ತನ್ನದೇ ಮಿಡಿತದ ವ್ಯವಸ್ಥೆ ಇರುವುದರಿಂದ ಆಮ್ಲಜನಕ ಸಿಗುವವರೆಗೆ ಕೆಲವು ಗಂಟೆ ಅಥವಾ ಕೆಲವು ದಿನ ಅದು ಬಡಿಯುತ್ತಿರುತ್ತದೆ.

ಇದನ್ನು ಒಬ್ಬ ವೈದ್ಯರು ನಿರ್ಧರಿಸುವಂತಿಲ್ಲ. ಭಾರತದ ಕಾನೂನಿನ ಪ್ರಕಾರ ನಾಲ್ವರು ವೈದ್ಯರ ಮಂಡಳಿ ಪರೀಕ್ಷಿಸಬೇಕು. ಆಸ್ಪತ್ರೆಯ ಮುಖ್ಯಸ್ಥ ವೈದ್ಯರು, ಅನುಮೋದಿತ ಪಟ್ಟಿಯಲ್ಲಿರುವ ಒಬ್ಬ ತಜ್ಞರು, ನರರೋಗ ಅಥವಾ ನರಶಸ್ತ್ರಚಿಕಿತ್ಸಾ ತಜ್ಞರು (ಅವರಿಲ್ಲದಿದ್ದರೆ ನಿಯಮ ಒಪ್ಪುವ ಬೇರೆ ತಜ್ಞರು) ಮತ್ತು ಚಿಕಿತ್ಸೆ ನೀಡುತ್ತಿರುವ ವೈದ್ಯರು ಅದರಲ್ಲಿರುತ್ತಾರೆ. ಅಂಗ ತೆಗೆಯುವ ಅಥವಾ ಕಸಿ ಮಾಡುವ ವೈದ್ಯರು ಈ ಮಂಡಳಿಯಲ್ಲಿ ಇರುವಂತಿಲ್ಲ. ಕಣ್ಣಿನ ಪಾಪೆಗೆ ಬೆಳಕು ಬಿಟ್ಟು, ಗಂಟಲು ಕೆರಳಿಸಿ, ಇನ್ನೂ ಹಲವು ಬಗೆಯಲ್ಲಿ ಪರೀಕ್ಷಿಸುತ್ತಾರೆ. ವೆಂಟಿಲೇಟರಿನಿಂದ ಬೇರ್ಪಡಿಸಿ ತಾನಾಗಿ ಉಸಿರು ಬರುತ್ತದೆಯೇ ಎಂದು ನೋಡುತ್ತಾರೆ. ಕನಿಷ್ಠ ಆರು ಗಂಟೆ ಬಿಟ್ಟು ಇವೇ ಪರೀಕ್ಷೆಗಳನ್ನು ಎರಡನೇ ಸಲ ಮಾಡಬೇಕು.

ಆದ್ದರಿಂದ ಇಂತಹ ಸಂದರ್ಭ ಬಂದರೆ ನೀವು ಧೈರ್ಯವಾಗಿ ಕೇಳಬಹುದು: ಎರಡೂ ಸಲದ ಪರೀಕ್ಷೆ ಆಗಿದೆಯೇ? ಮಂಡಳಿಯಲ್ಲಿ ಯಾರಿದ್ದರು? ಫಲಿತಾಂಶವನ್ನು ನಮಗೆ ತೋರಿಸುತ್ತೀರಾ? ಹೀಗೆ ಕೇಳುವುದರಿಂದ ಯಾರಿಗೂ ಅವಮಾನವಾಗುವುದಿಲ್ಲ. ಒಳ್ಳೆಯ ವೈದ್ಯರು ಕುಳಿತು ವಿವರಿಸುತ್ತಾರೆ.

ವಿದ್ವಾಂಸರು ಏನು ಹೇಳಿದ್ದಾರೆ?

ಈ ವಿಷಯದಲ್ಲಿ ಒಂದೇ ಫತ್ವಾ ಇದೆ ಎಂದು ಯಾರಾದರೂ ಹೇಳಿದರೆ ಅದು ಪೂರ್ತಿ ಸರಿಯಲ್ಲ. ಕುರ್‌ಆನ್‌ನಲ್ಲಾಗಲಿ ಹದೀಸ್‌ಗಳಲ್ಲಾಗಲಿ ಅಂಗಾಂಗ ಕಸಿಯ ನೇರ ಪ್ರಸ್ತಾಪವಿಲ್ಲ. ಈ ಚಿಕಿತ್ಸೆಯೇ ಹೊಸದು. ಹಾಗಾಗಿ ವಿದ್ವಾಂಸರು ಮೂಲ ತತ್ವಗಳನ್ನು ಇಟ್ಟುಕೊಂಡು ಇಜ್ತಿಹಾದ್ ಮಾಡಿದ್ದಾರೆ.

ಒಂದು ಕಡೆ ಜೀವ ಉಳಿಸುವುದರ ಮಹತ್ವ ಹೇಳುವ ಸೂರಃ ಅಲ್ ಮಾಇದಃದ 32ನೇ ಸೂಕ್ತವಿದೆ. ಅನಿವಾರ್ಯತೆಯಲ್ಲಿ ನಿಷಿದ್ಧವೂ ಅನುಮತಿಸಲ್ಪಡಬಹುದು ಎಂಬ ಫಿಕ್ಹ್‌ನ ನಿಯಮವಿದೆ. ಇನ್ನೊಂದು ಕಡೆ, ದೇಹ ನಮ್ಮ ಸ್ವಂತ ಆಸ್ತಿಯಲ್ಲ, ಅದು ಅಲ್ಲಾಹನ ಅಮಾನತ್ ಎಂಬ ತತ್ವವಿದೆ. ಮೃತದೇಹಕ್ಕೂ ಜೀವಂತ ದೇಹದಷ್ಟೇ ಗೌರವ ಸಲ್ಲಬೇಕೆಂದು ಕಲಿಸುವ ಹದೀಸ್ ಇದೆ. ಯಾವುದಕ್ಕೆ ಎಷ್ಟು ಒತ್ತು ಕೊಡಬೇಕು ಎಂಬಲ್ಲಿ ಅಭಿಪ್ರಾಯಗಳು ಬೇರೆಯಾಗುತ್ತವೆ.

ಸೌದಿ ಅರೇಬಿಯದ ಹಿರಿಯ ವಿದ್ವಾಂಸರ ಮಂಡಳಿ 1982ರಲ್ಲಿ ಅಂಗಾಂಗ ಕಸಿಗೆ ಷರತ್ತುಬದ್ಧ ಅನುಮತಿ ನೀಡಿತು. ಇಸ್ಲಾಮಿಕ್ ರಾಷ್ಟ್ರಗಳ ಸಂಘಟನೆಯ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ 1988ರಲ್ಲಿ ಜಿದ್ದಾದಲ್ಲಿ ಸೇರಿ ವಿವರವಾದ ನಿರ್ಣಯ ಕೈಗೊಂಡಿತು. ಜೀವಂತ ವ್ಯಕ್ತಿ ತನ್ನ ಜೀವಕ್ಕೆ ಅಪಾಯವಾಗದ ಅಂಗವನ್ನು ಸ್ವಇಚ್ಛೆಯಿಂದ ಕೊಡಬಹುದು. ಮೃತರಿಂದ ಪಡೆಯುವುದಾದರೆ ಮರಣಕ್ಕೆ ಮುನ್ನ ಅವರು ಅಥವಾ ಮರಣಾನಂತರ ಅವರ ವಾರಸುದಾರರು ಒಪ್ಪಿರಬೇಕು. ಅಂಗದ ಮಾರಾಟ ಯಾವ ಕಾರಣಕ್ಕೂ ಸಲ್ಲದು. ಇವು ಆ ನಿರ್ಣಯದ ಮುಖ್ಯ ಅಂಶಗಳು.

ಭಾರತ ಉಪಖಂಡದ ಚಿತ್ರ ಸ್ವಲ್ಪ ಬೇರೆ. ಪಾಕಿಸ್ತಾನದ ಮುಫ್ತಿ ಮುಹಮ್ಮದ್ ಶಫೀ ಅವರಂತಹ ಹಿರಿಯ ವಿದ್ವಾಂಸರು ಅಂಗಾಂಗ ಕಸಿಯನ್ನು ಒಪ್ಪಲಿಲ್ಲ. ದೇವ್‌ಬಂದ್ ಪರಂಪರೆಯ ಅನೇಕ ಉಲಮಾಗಳು ಇಂದಿಗೂ ಅದೇ ಅಭಿಪ್ರಾಯದಲ್ಲಿದ್ದಾರೆ. ಭಾರತದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1989ರಲ್ಲಿ ಈ ವಿಷಯ ಚರ್ಚಿಸಿ, ಬೇರೆ ದಾರಿಯೇ ಇಲ್ಲದ ರೋಗಿಗೆ ಬಂಧುವೊಬ್ಬರು ಕಿಡ್ನಿ ಕೊಡುವುದನ್ನು ಒಪ್ಪಿತು. ಆದರೆ ಮರಣದ ನಂತರ ತನ್ನ ಅಂಗಗಳನ್ನು ಬಳಸಿಕೊಳ್ಳಿ ಎಂದು ಬರೆದಿಡುವುದನ್ನು ಶರೀಅತ್‌ನ ವಸಿಯ್ಯತ್ ಎಂದು ಅದು ಪರಿಗಣಿಸಲಿಲ್ಲ.

ಮಿದುಳಿನ ಮರಣದ ಬಗ್ಗೆಯೂ ಒಮ್ಮತವಿಲ್ಲ. 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ, ಮಿದುಳು ಮತ್ತೆ ಸರಿಯಾಗದಂತೆ ಸಂಪೂರ್ಣ ನಿಂತುಹೋಗಿದೆ ಎಂದು ತಜ್ಞರು ನಿರ್ಧರಿಸಿದರೆ ಅದು ಮರಣವೇ ಎಂದಿತು. ಮರುವರ್ಷ ಮಕ್ಕಾದ ಫಿಕ್ಹ್ ಮಂಡಳಿ, ಅಂತಹ ರೋಗಿಯ ಯಂತ್ರ ತೆಗೆಯಬಹುದು, ಆದರೆ ಹೃದಯ ನಿಂತ ಮೇಲೆಯೇ ಮರಣದ ವಿಧಿಗಳು ಅನ್ವಯಿಸುತ್ತವೆ ಎಂದಿತು.

ಇಷ್ಟೆಲ್ಲ ಹೇಳಿದ್ದು ನಿಮ್ಮನ್ನು ಗೊಂದಲಕ್ಕೆ ತಳ್ಳಲು ಅಲ್ಲ. ನಿಮ್ಮ ಮನೆ ಅನುಸರಿಸುವ ಮದ್‌ಹಬ್‌ನ, ನೀವು ನಂಬುವ ವಿದ್ವಾಂಸರ ಬಳಿ ಹೋಗಿ ಸರಿಯಾದ ಪ್ರಶ್ನೆ ಕೇಳಲು ಇದು ನೆರವಾಗುತ್ತದೆ. "ಅಂಗದಾನ ಜಾಯಿಝ್ ಆಗಿದೆಯೇ?" ಎಂದು ಒಟ್ಟಾಗಿ ಕೇಳಬೇಡಿ. ಬದುಕಿರುವಾಗ ಕಿಡ್ನಿ ಕೊಡಬಹುದೇ, ಮರಣಾನಂತರ ಕಣ್ಣು ಕೊಡಬಹುದೇ, ಮಿದುಳು ನಿಷ್ಕ್ರಿಯವಾದಾಗ ಹೃದಯ ಕೊಡಬಹುದೇ ಎಂದು ಬಿಡಿಸಿ ಕೇಳಿ. ಮೂರಕ್ಕೂ ಉತ್ತರ ಬೇರೆ ಬೇರೆ ಇರಬಹುದು.

ಭಿನ್ನಾಭಿಪ್ರಾಯವಿಲ್ಲದ ಜಾಗ

ಕೊಡಬಹುದೇ ಎಂಬಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಕಸಿದುಕೊಳ್ಳಬಾರದು, ಒತ್ತಾಯಿಸಬಾರದು ಎಂಬಲ್ಲಿ ಭಿನ್ನಾಭಿಪ್ರಾಯವಿಲ್ಲ. ಕೊಳ್ಳಬಾರದು, ಮಾರಬಾರದು ಎಂಬಲ್ಲಿಯೂ ಹೆಚ್ಚುಕಡಿಮೆ ಎಲ್ಲರೂ ಒಂದೇ. ಹಣ ಕೊಟ್ಟು ಕಿಡ್ನಿ ಪಡೆಯುವುದಕ್ಕೆ ಸರ್ಕಾರವೇ ವ್ಯವಸ್ಥೆ ಮಾಡಿರುವ ದೇಶ ಇರಾನ್ ಒಂದೇ. ಅಲ್ಲಿಯೂ ಅದರ ಬಗ್ಗೆ ದೊಡ್ಡ ಚರ್ಚೆ ಇದೆ.

ನಮ್ಮ ದೇಶಕ್ಕೆ ಈ ವಿಷಯದಲ್ಲಿ ಕಹಿ ಅನುಭವವಿದೆ. ಕಾನೂನು ಬರುವ ಮುನ್ನ ಬೆಂಗಳೂರು, ಚೆನ್ನೈ, ಮುಂಬೈ ನಗರಗಳು ಕಿಡ್ನಿ ಮಾರುಕಟ್ಟೆಗಳೆಂದು ಹೆಸರಾಗಿದ್ದವು. ಸಾಲದಲ್ಲಿ ಮುಳುಗಿದವರನ್ನು ದಲ್ಲಾಳಿಗಳು ಹುಡುಕಿಕೊಂಡು ಬರುತ್ತಿದ್ದರು. ಇದನ್ನು ತಡೆಯಲೆಂದೇ 1994ರಲ್ಲಿ ಮಾನವ ಅಂಗಾಂಗ ಕಸಿ ಕಾಯ್ದೆ ಬಂತು. ಆದರೂ ಕಳ್ಳದಾರಿ ಪೂರ್ತಿ ಮುಚ್ಚಲಿಲ್ಲ.

ಚೆನ್ನೈಯಲ್ಲಿ ಕಿಡ್ನಿ ಮಾರಿದ್ದ 305 ಜನರನ್ನು ಮಾತಾಡಿಸಿ ನಡೆಸಿದ ಅಧ್ಯಯನವೊಂದು 2002ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 96ರಷ್ಟು ಮಂದಿ ಸಾಲ ತೀರಿಸಲೆಂದು ಕಿಡ್ನಿ ಮಾರಿದ್ದರು. ಕೈಗೆ ಬಂದದ್ದು ಸರಾಸರಿ 1,070 ಡಾಲರ್, ಮಾತು ಕೊಟ್ಟದ್ದಕ್ಕಿಂತ ಕಡಿಮೆ. ಸರಾಸರಿ ಆರು ವರ್ಷಗಳ ನಂತರ ನೋಡಿದಾಗ ಅವರ ಕುಟುಂಬದ ಆದಾಯ ಮೂರನೇ ಒಂದು ಭಾಗದಷ್ಟು ಕುಸಿದಿತ್ತು. ಸಾಲಕ್ಕಾಗಿ ಮಾರಿದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಇನ್ನೂ ಸಾಲದಲ್ಲೇ ಇದ್ದರು. ಬಹುತೇಕರು ತಮ್ಮ ಆರೋಗ್ಯ ಕೆಟ್ಟಿದೆ ಎಂದರು. ಮಾರಿದವರಲ್ಲಿ ಹತ್ತರಲ್ಲಿ ಏಳು ಮಂದಿ ಮಹಿಳೆಯರಾಗಿದ್ದರು.

ಈ ಅಂಕಿಗಳನ್ನು ಓದಿದ ಮೇಲೆ "ಅವನಿಗೆ ಹಣ ಬೇಕು, ನಮಗೆ ಕಿಡ್ನಿ ಬೇಕು, ಇಬ್ಬರಿಗೂ ಲಾಭವಲ್ಲವೇ?" ಎಂದು ಕೇಳುವುದು ಕಷ್ಟ. ಬಡವನ ಅನಿವಾರ್ಯತೆಯನ್ನು ಒಪ್ಪಿಗೆ ಎಂದು ಕರೆಯಲಾಗದು. ಬಡ್ಡಿಯ ಸಾಲವೂ ಇಬ್ಬರ ಒಪ್ಪಿಗೆಯಿಂದಲೇ ನಡೆಯುತ್ತದೆ. ಆದರೂ ಅದು ನಿಷಿದ್ಧವಾಗಿರುವುದೇಕೆ ಎಂದು ನಮಗೆ ಗೊತ್ತಿದೆ.

2011ರ ತಿದ್ದುಪಡಿಯ ನಂತರ ಅಂಗ ಮಾರಾಟಕ್ಕೆ ಐದರಿಂದ ಹತ್ತು ವರ್ಷ ಜೈಲು ಮತ್ತು 20 ಲಕ್ಷದಿಂದ ಒಂದು ಕೋಟಿ ರೂಪಾಯಿವರೆಗೆ ದಂಡವಿದೆ. ಮಾರುವವರು, ಕೊಳ್ಳುವವರು, ದಲ್ಲಾಳಿಗಳು, ಜಾಹೀರಾತು ಕೊಟ್ಟವರು ಎಲ್ಲರೂ ಇದರ ವ್ಯಾಪ್ತಿಗೆ ಬರುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ "ಕಿಡ್ನಿಗೆ ಇಷ್ಟು ಲಕ್ಷ" ಎಂಬ ಸಂದೇಶ ಬಂದರೆ ಹಂಚಬೇಡಿ. ಬಹಳಷ್ಟು ಸಂದರ್ಭಗಳಲ್ಲಿ ಅದು ನೋಂದಣಿ ಶುಲ್ಕ ಎಂದು ಹಣ ಕಟ್ಟಿಸಿಕೊಂಡು ಮಾಯವಾಗುವ ವಂಚನೆಯೂ ಆಗಿರುತ್ತದೆ.

ಮನೆಯೊಳಗಿನ ಒತ್ತಾಯ

ದಲ್ಲಾಳಿಯ ಒತ್ತಾಯ ಕಣ್ಣಿಗೆ ಕಾಣುತ್ತದೆ. ಮನೆಯೊಳಗಿನ ಒತ್ತಾಯ ಕಾಣುವುದಿಲ್ಲ.

2023ರಲ್ಲಿ ಭಾರತದಲ್ಲಿ ಜೀವಂತ ದಾನ ಮಾಡಿದವರಲ್ಲಿ 9,784 ಮಂದಿ ಮಹಿಳೆಯರು. ಎಂದರೆ ಹತ್ತರಲ್ಲಿ ಆರಕ್ಕೂ ಹೆಚ್ಚು. ಅಂಗ ಪಡೆದವರ ಲೆಕ್ಕ ಇದಕ್ಕೆ ತಲೆಕೆಳಗಾಗಿದೆ. 1995ರಿಂದ 2021ರವರೆಗಿನ ಸರ್ಕಾರಿ ಲೆಕ್ಕದಲ್ಲಿ ಅಂಗ ಪಡೆದ ಐವರಲ್ಲಿ ನಾಲ್ವರು ಪುರುಷರು. ತಾಯಿ ಮಗನಿಗೆ ಕೊಡುತ್ತಾಳೆ, ಹೆಂಡತಿ ಗಂಡನಿಗೆ ಕೊಡುತ್ತಾಳೆ, ಅಕ್ಕ ತಮ್ಮನಿಗೆ ಕೊಡುತ್ತಾಳೆ. ಹೆಣ್ಣುಮಗಳಿಗೆ ಬೇಕಾದಾಗ ಕೊಡುವವರ ಸಾಲು ಚಿಕ್ಕದಾಗುತ್ತದೆ.

ಇದರಲ್ಲಿ ಪ್ರೀತಿ ಇಲ್ಲವೆಂದು ಯಾರೂ ಹೇಳಲಾರರು. ಆದರೆ "ಅವನು ದುಡಿಯುವವನು, ನೀನು ಮನೆಯಲ್ಲೇ ಇರುವವಳು" ಎಂಬ ಒಂದು ಮಾತು ಸಾಕು, ದಾನ ಹೋಗಿ ಕಡ್ಡಾಯವಾಗುತ್ತದೆ. ಸೊಸೆ ಬೇಡ ಎಂದರೆ "ಗಂಡನನ್ನು ಕೊಂದವಳು" ಎಂಬ ಮಾತು ಬರುತ್ತದೆ ಎಂಬ ಭಯ ಅವಳನ್ನು ಒಪ್ಪಿಸುತ್ತದೆ. ಕಾನೂನು ಇದನ್ನು ಗುರುತಿಸಿದೆ. ದಾನಿ ಮಹಿಳೆಯಾಗಿದ್ದರೆ ಅವಳ ಸ್ವತಂತ್ರ ಒಪ್ಪಿಗೆಯನ್ನು ಅಂಗ ಪಡೆಯುವವರ ಹೊರತಾದ ಬೇರೊಬ್ಬರಿಂದ ಖಚಿತಪಡಿಸಿಕೊಳ್ಳಬೇಕು, ಹೆಚ್ಚಿನ ಎಚ್ಚರ ವಹಿಸಬೇಕು ಎಂದು 2014ರ ನಿಯಮಗಳು ಹೇಳುತ್ತವೆ.

ನಿಮ್ಮ ಮನೆಯಲ್ಲಿ ಇಂತಹ ಸಂದರ್ಭ ಬಂದರೆ ಈ ಕೆಲವು ವಿಷಯಗಳನ್ನು ಗಮನದಲ್ಲಿಡಿ:

ದಾನಿಯಾಗಬಹುದಾದ ಎಲ್ಲರನ್ನೂ ಕೇಳಿ, ಹೆಣ್ಣುಮಕ್ಕಳನ್ನು ಮಾತ್ರವಲ್ಲ. ಕಾನೂನಿನಲ್ಲಿ ಹತ್ತಿರದ ಸಂಬಂಧಿಗಳೆಂದರೆ ಗಂಡ, ಹೆಂಡತಿ, ಮಕ್ಕಳು, ತಂದೆ, ತಾಯಿ, ಒಡಹುಟ್ಟಿದವರು, ಅಜ್ಜ ಅಜ್ಜಿಯರು ಮತ್ತು ಮೊಮ್ಮಕ್ಕಳು. ಬೇರೆಯವರು ಕೊಡುವುದಾದರೆ ಅನುಮತಿ ಸಮಿತಿಯ ಒಪ್ಪಿಗೆ ಬೇಕು.

ಕೇಳುವಾಗ ರೋಗಿಯ ಎದುರಿಗೆ, ಎಲ್ಲರೂ ನೆರೆದಿರುವಾಗ ಕೇಳಬೇಡಿ. ಅಲ್ಲಿ ಯಾರೂ ಬೇಡ ಎನ್ನಲಾರರು.

ದಾನಿ ವೈದ್ಯರೊಂದಿಗೆ ಒಬ್ಬರೇ ಮಾತಾಡಲಿ. ಮನಸ್ಸಿಲ್ಲ ಎಂದು ಅವರು ಹೇಳಿದರೆ, ಕಾರಣ ಹೊರಹಾಕದೆ "ಹೊಂದಿಕೆಯಾಗುವುದಿಲ್ಲ" ಎಂದಷ್ಟೇ ಕುಟುಂಬಕ್ಕೆ ತಿಳಿಸುವ ವೈದ್ಯರಿದ್ದಾರೆ.

ರಕ್ತದ ಗುಂಪು ಹೊಂದದಿದ್ದರೆ ಅಲ್ಲಿಗೆ ದಾರಿ ಮುಗಿಯುವುದಿಲ್ಲ. ಇದೇ ಸಮಸ್ಯೆಯಿರುವ ಇನ್ನೊಂದು ಕುಟುಂಬದೊಂದಿಗೆ ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲು 2011ರ ತಿದ್ದುಪಡಿ ಅವಕಾಶ ಕೊಟ್ಟಿದೆ.

ದಾನಿಗೆ ಆಗುವ ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಎಂದಲ್ಲ. ಕಿಡ್ನಿ ಕೊಡುವ ಶಸ್ತ್ರಚಿಕಿತ್ಸೆಯಲ್ಲಿ ದಾನಿ ಸಾಯುವ ಸಾಧ್ಯತೆ ಹತ್ತು ಸಾವಿರದಲ್ಲಿ ಸುಮಾರು ಮೂರು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೆ ಮುಂದೆ ತೊಂದರೆಯಾಗಬಹುದು. ದಾನದ ನಂತರ ದಾನಿಗೂ ವಿಶ್ರಾಂತಿ, ಆರೈಕೆ ಬೇಕು, ಜೀವನಪರ್ಯಂತ ವರ್ಷಕ್ಕೊಮ್ಮೆ ತಪಾಸಣೆ ಬೇಕು. ಮನೆಯವರೆಲ್ಲ ರೋಗಿಯ ಸುತ್ತ ಸೇರಿ, ಕಿಡ್ನಿ ಕೊಟ್ಟವಳು ಮೂರನೇ ವಾರಕ್ಕೆ ಅಡುಗೆಮನೆಗೆ ಮರಳುವಂತಾಗಬಾರದು.

ಬೇಡ ಎಂದವರನ್ನು ದೂರಬೇಡಿ. ಕೊಡುವುದು ಉಪಕಾರ. ಕೊಡದಿರುವುದು ಅಪರಾಧವಲ್ಲ.

ಮರಣೋತ್ತರ ದಾನ: ಸಾಮಾನ್ಯ ಪ್ರಶ್ನೆಗಳು

ದೇಹ ವಿರೂಪವಾಗುತ್ತದೆಯೇ? ಇಲ್ಲ. ಶಸ್ತ್ರಚಿಕಿತ್ಸೆಯಂತೆಯೇ ತೆರೆದು, ಅಂಗ ತೆಗೆದು, ಹೊಲಿದು ಕೊಡುತ್ತಾರೆ. ಗುಸ್ಲ್, ಕಫನ್, ಜನಾಝ ನಮಾಝ್, ದಫನ ಎಲ್ಲವೂ ನಡೆಯಬಹುದು. ಹೊಲಿಗೆ ಇರುವ ಜಾಗದಲ್ಲಿ ಮೆಲ್ಲಗೆ ನೀರು ಹಾಕುವಂತೆ ಮಯ್ಯಿತ್ ಸ್ನಾನ ಮಾಡಿಸುವವರಿಗೆ ಮೊದಲೇ ತಿಳಿಸಿದರೆ ಸಾಕು.

ದಫನ ತಡವಾಗುವುದಿಲ್ಲವೇ? ಮಿದುಳು ನಿಷ್ಕ್ರಿಯವಾದ ಪ್ರಕರಣಗಳಲ್ಲಿ ಕೆಲವು ಗಂಟೆ ತಡವಾಗುತ್ತದೆ. ಇದು ನಿಜ. ದಫನ ಬೇಗ ಆಗಬೇಕೆಂಬ ನಮ್ಮ ಕಾಳಜಿಯನ್ನು ಆಸ್ಪತ್ರೆಯ ಕಸಿ ಸಂಯೋಜಕರಿಗೆ ಮೊದಲೇ ಹೇಳಿ, ಎಷ್ಟು ಹೊತ್ತಾಗುತ್ತದೆ ಎಂದು ಕೇಳಿ. ಅಪಘಾತದ ಪ್ರಕರಣಗಳಲ್ಲಿ ದಾನ ಮಾಡಿದರೂ ಮಾಡದಿದ್ದರೂ ಮರಣೋತ್ತರ ಪರೀಕ್ಷೆ ಕಾನೂನಿನಂತೆ ನಡೆಯುತ್ತದೆ.

ಖರ್ಚು ಯಾರದ್ದು? ಒಪ್ಪಿಗೆಯ ನಂತರ ಅಂಗಗಳನ್ನು ಕಾಪಾಡುವ, ತೆಗೆಯುವ, ಸಾಗಿಸುವ ಖರ್ಚನ್ನು ದಾನಿಯ ಕುಟುಂಬದಿಂದ ಪಡೆಯುವಂತಿಲ್ಲ.

ಅಂಗ ಯಾರಿಗೆ ಹೋಗುತ್ತದೆ? ಕರ್ನಾಟಕದಲ್ಲಿ ಜೀವಸಾರ್ಥಕತೆ ಎಂಬ ಸರ್ಕಾರಿ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. ಅಂಗ ಬೇಕಾದವರು ಆಸ್ಪತ್ರೆಯ ಮೂಲಕ ಹೆಸರು ನೋಂದಾಯಿಸಿರುತ್ತಾರೆ. ರಕ್ತದ ಗುಂಪು, ಕಾದ ಅವಧಿ, ರೋಗದ ತೀವ್ರತೆ ಮುಂತಾದವುಗಳ ಮೇಲೆ ಹಂಚಿಕೆಯಾಗುತ್ತದೆ. ಆ ಪಟ್ಟಿ ಜಾತಿ, ಧರ್ಮ ನೋಡುವುದಿಲ್ಲ. ಮುಸ್ಲಿಂ ರೋಗಿಗಳೂ ಅದೇ ಸಾಲಿನಲ್ಲಿ ಕಾಯುತ್ತಿರುತ್ತಾರೆ, ಬೇರೆಯವರ ಮನೆಯ ದಾನದಿಂದ ಬದುಕುತ್ತಿರುತ್ತಾರೆ. ಪಡೆಯುವುದು ಸರಿ, ಕೊಡುವುದು ಮಾತ್ರ ಬೇಡ ಎಂದು ನಾವು ನಿರ್ಧರಿಸುವುದಾದರೆ ಅದಕ್ಕೆ ಕಾರಣವನ್ನು ನಮಗೆ ನಾವೇ ಪ್ರಾಮಾಣಿಕವಾಗಿ ಹೇಳಿಕೊಳ್ಳಬೇಕಾಗುತ್ತದೆ.

ನೇತ್ರದಾನ: ಮಿದುಳಿನ ಮರಣದ ಗೊಂದಲವಿಲ್ಲದ ದಾನ

ಮರಣೋತ್ತರ ದಾನವನ್ನು ಒಪ್ಪುವ, ಆದರೆ ಮಿದುಳಿನ ಮರಣದ ಬಗ್ಗೆ ಮನಸ್ಸು ಒಪ್ಪದ ಕುಟುಂಬಗಳು ನೇತ್ರದಾನದ ಬಗ್ಗೆ ಯೋಚಿಸಬಹುದು. ಇದು ಹೃದಯ ನಿಂತು, ಉಸಿರು ನಿಂತ ಮೇಲೆ ನಡೆಯುವ ದಾನ. ಮನೆಯಲ್ಲಿ ತೀರಿಕೊಂಡರೂ ಸಾಧ್ಯ. ವಯಸ್ಸಿನ ಮಿತಿ ಇಲ್ಲ. ಕನ್ನಡಕ ಹಾಕುವವರು, ಪೊರೆ ಶಸ್ತ್ರಚಿಕಿತ್ಸೆಯಾದವರು, ಸಕ್ಕರೆ ಕಾಯಿಲೆಯವರು ಕೂಡ ಸಾಮಾನ್ಯವಾಗಿ ಕೊಡಬಹುದು.

ಮರಣವಾಗಿ ಆರು ಗಂಟೆಯೊಳಗೆ ಕಣ್ಣಿನ ಬ್ಯಾಂಕಿನವರು ಬರಬೇಕು. ಅವರು ಬರುವವರೆಗೆ ಕಣ್ಣುರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ. ಫ್ಯಾನ್ ಆರಿಸಿ. ತಲೆಯ ಕೆಳಗೆ ದಿಂಬಿಟ್ಟು ಸ್ವಲ್ಪ ಎತ್ತರಿಸಿ. ಇಡೀ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಮುಖ ನೋಡಿದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ, ದಫನವೂ ತಡವಾಗುವುದಿಲ್ಲ.

2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಾರ್ನಿಯಾಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ಕರ್ನಾಟಕದ ಮನೆಮನೆಗೆ ಗೊತ್ತಿದೆ. ಪಾಕಿಸ್ತಾನದ ಸಮಾಜಸೇವಕ ಅಬ್ದುಲ್ ಸತ್ತಾರ್ ಈಧಿ 2016ರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಕಾರ್ನಿಯಾಗಳನ್ನು ದಾನ ಮಾಡಲಾಯಿತು. ಮೂತ್ರಪಿಂಡಗಳು ಮೊದಲೇ ವಿಫಲವಾಗಿದ್ದ ಅವರಲ್ಲಿ ಕೊಡಲು ಉಳಿದಿದ್ದದ್ದು ಕಣ್ಣುಗಳೇ.

ಕಿಡ್ನಿ ಕೆಡದಂತೆ ನೋಡಿಕೊಳ್ಳಿ

ಅಂಗ ಕೇಳುವ ಪರಿಸ್ಥಿತಿಯೇ ಬರದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮೊದಲು. ಕಿಡ್ನಿ ವೈಫಲ್ಯಕ್ಕೆ ದೊಡ್ಡ ಕಾರಣಗಳು ಸಕ್ಕರೆ ಕಾಯಿಲೆ ಮತ್ತು ಅಧಿಕ ರಕ್ತದೊತ್ತಡ. ಇವೆರಡರಲ್ಲಿ ಒಂದಿದ್ದರೂ ವರ್ಷಕ್ಕೊಮ್ಮೆ ಮೂತ್ರದಲ್ಲಿ ಪ್ರೋಟೀನ್ ಮತ್ತು ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಮಂಡಿನೋವಿಗೆ ಮೆಡಿಕಲ್ ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗುವ ನೋವಿನ ಮಾತ್ರೆ ಕಿಡ್ನಿಯನ್ನು ಸದ್ದಿಲ್ಲದೆ ಕೆಡಿಸುತ್ತದೆ. ಹೆಸರು, ವಿಳಾಸ ಇಲ್ಲದ ಪುಡಿ, ಭಸ್ಮಗಳೂ ಹಾಗೆಯೇ. ಊಟದಲ್ಲಿ ಉಪ್ಪು ಕಡಿಮೆ ಮಾಡಿ. ಕಿಡ್ನಿ ತೊಂದರೆ ಇರುವವರು, ಕಸಿ ಮಾಡಿಸಿಕೊಂಡವರು ರಮಝಾನ್ ಬರುವ ಮೊದಲೇ ಉಪವಾಸದ ಬಗ್ಗೆ ವೈದ್ಯರನ್ನು ಕೇಳಿ. ಕಸಿಯಾದವರು ದೇಹ ಹೊಸ ಅಂಗವನ್ನು ತಿರಸ್ಕರಿಸದಂತೆ ಕೊಡುವ ಮಾತ್ರೆಗಳನ್ನು ಜೀವನಪರ್ಯಂತ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು. ಒಂದೆರಡು ದಿನ ಬಿಟ್ಟರೂ ಇನ್ನೊಬ್ಬರು ಕೊಟ್ಟ ಅಂಗ ವ್ಯರ್ಥವಾಗಬಹುದು.

ಈ ವಾರವೇ ಮಾಡಬಹುದಾದದ್ದು

ಒಂದು ಸಂಜೆ ಮನೆಯವರೆಲ್ಲ ಕುಳಿತು ಮಾತಾಡಿ. ನನಗೆ ಹೀಗಾದರೆ ನೀವು ಹೀಗೆ ಮಾಡಿ, ಅಥವಾ ಮಾಡಬೇಡಿ ಎಂದು ಪ್ರತಿಯೊಬ್ಬರೂ ಹೇಳಲಿ. ನಮ್ಮ ದೇಶದಲ್ಲಿ ದಾನಿ ಕಾರ್ಡ್ ಇದ್ದರೂ ಕೊನೆಗೆ ಕುಟುಂಬದವರ ಒಪ್ಪಿಗೆ ಕೇಳುತ್ತಾರೆ. ಆದ್ದರಿಂದ ಕಾರ್ಡ್‌ಗಿಂತ ಈ ಮಾತು ಮುಖ್ಯ. ನಿಮ್ಮ ನಿರ್ಧಾರ ಬೇಡ ಎಂದಾಗಿದ್ದರೂ ಅದನ್ನು ಹೇಳಿಡಿ. ನಿಮ್ಮ ನಂತರ ಮಕ್ಕಳು ಜಗಳವಾಡುವುದು ತಪ್ಪುತ್ತದೆ.

ಅದಕ್ಕೆ ಮೊದಲು ಮಸೀದಿಯ ಖತೀಬರನ್ನೋ ನೀವು ನಂಬುವ ವಿದ್ವಾಂಸರನ್ನೋ ಕಾಣಿ, ಮೇಲೆ ಹೇಳಿದ ಮೂರು ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಕೇಳಿ. ಸಾಧ್ಯವಾದರೆ ಜಮಾಅತ್ ವತಿಯಿಂದ ಒಬ್ಬ ಕಿಡ್ನಿ ತಜ್ಞರನ್ನೂ ಒಬ್ಬ ವಿದ್ವಾಂಸರನ್ನೂ ಒಂದೇ ವೇದಿಕೆಗೆ ಕರೆಯಿರಿ. ಮಹಿಳೆಯರಿಗೂ ಅಲ್ಲಿ ಕುಳಿತು ಕೇಳುವ, ಪ್ರಶ್ನೆ ಹಾಕುವ ಅವಕಾಶವಿರಲಿ. ಕೊಡುವವರಲ್ಲಿ ಹೆಚ್ಚಿನವರು ಅವರೇ.